150 ಫೋಟೊ, 10 ನಿಮಿಷದ ಹಾಡು: ಫೇಡ್ ಹಾಕಿದ ಮೇಲೆ ಎರಡೂವರೆ ನಿಮಿಷ ಎಲ್ಲಿ ಹೋಯಿತು?

ಪ್ರಶ್ನೆ: ನಮಸ್ಕಾರ ಸರ್. ಮದುವೆಯ 150 ಫೋಟೊಗಳ ಸ್ಲೈಡ್‌ಶೋ ಮಾಡಬೇಕು. ಎರಡು ಹಾಡು ಸೇರಿ ಸರಿಯಾಗಿ 10 ನಿಮಿಷ, ಸೀಕ್ವೆನ್ಸ್ (ಫೋಟೊ, ಹಾಡು ಜೋಡಿಸುವ ಟೈಮ್‌ಲೈನ್) ಸೆಕೆಂಡಿಗೆ 25 ಫ್ರೇಮಿನದು. ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೊದಲ್ಲಿ ಒಂದೊಂದು ಫೋಟೊಗೆ 4 ಸೆಕೆಂಡ್ ಇಟ್ಟು, 'ಆಟೊಮೇಟ್ ಟು ಸೀಕ್ವೆನ್ಸ್' (ಎಲ್ಲವನ್ನೂ ಒಟ್ಟಿಗೆ ಸಾಲಾಗಿ ಜೋಡಿಸುವ ಆಜ್ಞೆ) ಮೂಲಕ 1 ಸೆಕೆಂಡ್ ಫೇಡ್ (ಒಂದು ಚಿತ್ರ ಕರಗಿ ಮುಂದಿನದು ಮೂಡುವುದು) ಸಮೇತ ಇಳಿಸಿದೆ. ಲೆಕ್ಕದ ಪ್ರಕಾರ 600 ಸೆಕೆಂಡ್ ಬರಬೇಕು, ಬಂದದ್ದು 7 ನಿಮಿಷ 31 ಸೆಕೆಂಡ್. ಹಾಡು ಮುಗಿಯುವ ಮೊದಲೇ ಫೋಟೊ ಖಾಲಿ.

ಉತ್ತರ: ಸಾಫ್ಟ್‌ವೇರ್ ತಪ್ಪು ಮಾಡಿಲ್ಲ. ಆ ಆಟೊಮೇಟ್ ಆಜ್ಞೆ ಕೊಟ್ಟಾಗ ತೆರೆಯುವ ಡಬ್ಬಿಯಲ್ಲಿ (ಡೈಲಾಗ್ ಬಾಕ್ಸ್) 'ಕ್ಲಿಪ್ ಓವರ್‌ಲ್ಯಾಪ್' ಅಂತ ಒಂದು ಸಾಲಿದೆ. ಮೊದಲೇ ಇರುವುದು 15 ಫ್ರೇಮ್, ನೀವು 25 ಮಾಡಿದ್ದೀರಿ. ಅಂದರೆ ಪಕ್ಕಪಕ್ಕದ ಎರಡು ಫೋಟೊ 1 ಸೆಕೆಂಡ್ ಒಂದರ ಮೇಲೊಂದು ಹತ್ತಿ ಕೂರುತ್ತವೆ. 150 ಫೋಟೊ ನಡುವೆ 149 ಸಂದಿ, ಪ್ರತಿ ಸಂದಿಗೂ 1 ಸೆಕೆಂಡ್ ನುಂಗಿತು: 600ರಲ್ಲಿ 149 ಕಳೆದರೆ 451. ಅದೇ ನಿಮ್ಮ 7 ನಿಮಿಷ 31 ಸೆಕೆಂಡ್.

ಸರಿಪಡಿಸಲು ಎರಡು ದಾರಿ. ಫೋಟೊ ಅವಧಿಯನ್ನು 5 ಸೆಕೆಂಡ್, ಅಂದರೆ 125 ಫ್ರೇಮ್ ಮಾಡಿ, ಓವರ್‌ಲ್ಯಾಪ್ ಹಾಗೇ ಬಿಡಿ: 750ರಲ್ಲಿ 149 ಹೋದರೆ 601 ಸೆಕೆಂಡ್. ಇಲ್ಲವೇ 4 ಸೆಕೆಂಡನ್ನೇ ಇಟ್ಟುಕೊಂಡು, ಓವರ್‌ಲ್ಯಾಪ್ 0 ಮಾಡಿ, ಟ್ರಾನ್ಸಿಷನ್ ಟಿಕ್ ತೆಗೆದು ಇಳಿಸಿ. ಆಮೇಲೆ ಫೋಟೊಗಳನ್ನೆಲ್ಲ ಆಯ್ದು ಶಿಫ್ಟ್ + ಡಿ ಒತ್ತಿ, ಎಲ್ಲ ಸಂದಿಗೂ ಕ್ರಾಸ್ ಡಿಸಾಲ್ವ್, ಅಂದರೆ ಅದೇ ಫೇಡ್, ಬೀಳುತ್ತದೆ. ಸ್ಟಿಲ್ ಚಿತ್ರಕ್ಕೆ ಆದಿ-ಅಂತ್ಯ ಇಲ್ಲ. ಅಂಚಿನಾಚೆಗೂ ಅದೇ ಚಿತ್ರ ಮುಂದುವರಿಯುವುದರಿಂದ ಫೇಡ್ ಸಂದಿಯ ಎರಡೂ ಕಡೆ ಅರ್ಧರ್ಧ ಕೂರುತ್ತದೆ, ಒಟ್ಟು ಉದ್ದ 600ರಲ್ಲೇ ನಿಲ್ಲುತ್ತದೆ. ಎರಡು ದಾರಿಯಲ್ಲೂ ಒಂದೊಂದು ಫೋಟೊ ಪೂರ್ತಿ ಸ್ಪಷ್ಟವಾಗಿ ಕಾಣುವುದು 3 ಸೆಕೆಂಡೇ. ಆದ್ದರಿಂದ ನೋಡುವವರಿಗೆ ವ್ಯತ್ಯಾಸ ಗೊತ್ತಾಗದು. ನನ್ನ ಕೇಳಿದರೆ ಎರಡನೆಯದೇ ಮೇಲು, ಫೇಡ್ ಅವಧಿ ಬದಲಿಸಿದರೂ ಹಾಡಿನ ಲೆಕ್ಕ ಕದಡುವುದಿಲ್ಲ. ಶಿಫ್ಟ್ + ಡಿ ಒತ್ತುವ ಮುನ್ನ ಆಡಿಯೊ ಟ್ರ್ಯಾಕ್ ಲಾಕ್ ಮಾಡಿ, ಇಲ್ಲದಿದ್ದರೆ ಹಾಡಿಗೂ ಫೇಡ್ ಅಂಟಿಕೊಳ್ಳಬಹುದು.

ಪ್ರಶ್ನೆ: ಪ್ರಿಫರೆನ್ಸಸ್‌ನಲ್ಲಿ ಸ್ಟಿಲ್ ಅವಧಿ 125 ಫ್ರೇಮ್ ಮಾಡಿದೆ. ಫೋಟೊಗಳು ಇನ್ನೂ ಹಳೆಯ ಉದ್ದದಲ್ಲೇ ಇವೆ?

ಉತ್ತರ: ಆ ಸಂಖ್ಯೆ ಅನ್ವಯವಾಗುವುದು ಇಂಪೋರ್ಟ್ ಮಾಡುವ ಕ್ಷಣದಲ್ಲಿ. ಪ್ರಾಜೆಕ್ಟ್‌ನೊಳಗೆ ಆಗಲೇ ಬಂದು ಕೂತವಕ್ಕೆ ತಟ್ಟುವುದಿಲ್ಲ. ಬಿನ್‌ನಿಂದ (ಪ್ರಾಜೆಕ್ಟ್‌ನ ಫೈಲ್ ಪಟ್ಟಿ) ಅಳಿಸಿ ಮತ್ತೆ ಇಂಪೋರ್ಟ್ ಮಾಡಿ. ಟೈಮ್‌ಲೈನ್ ಕೆಲಸ ಮುಂದೆ ಹೋಗಿದ್ದರೆ ಎಲ್ಲ ಫೋಟೊ ಆಯ್ದು ಕಂಟ್ರೋಲ್ + ಆರ್, ಹೊಸ ಅವಧಿ ಬರೆದು, ಕೆಳಗಿನ 'ರಿಪಲ್ ಎಡಿಟ್' ಟಿಕ್ ಹಾಕಿ. ಟಿಕ್ ಮರೆತರೆ ಹಿಂದಿನ ಕ್ಲಿಪ್ ಮುಂದಿನದನ್ನು ತಳ್ಳಲಾರದು, ಉದ್ದ ಹೆಚ್ಚುವುದೇ ಇಲ್ಲ.

ಇನ್ನೊಂದು, ಫೈಲ್ ಹೆಸರು 1, 2, 10 ಅಂತಿದ್ದರೆ ಕೆಲವು ಕಡೆ 1, 10, 2 ಎಂಬ ಕ್ರಮ ಬರುತ್ತದೆ. ಧಾರೆಯ ಮೊದಲೇ ಆರತಕ್ಷತೆ ಬಂದುಬಿಟ್ಟೀತು. 001, 002 ಎಂದು ಹೆಸರಿಟ್ಟರೆ ಆ ಗೋಳಿಲ್ಲ.

ಪ್ರಶ್ನೆ: ತಾಳಕ್ಕೆ ಸರಿಯಾಗಿ ಫೋಟೊ ಬದಲಾಗಬೇಕು. ಕೈಯಲ್ಲಿ ಒಂದೊಂದೇ ಎಳೆಯದೆ ಆಗುತ್ತದೆಯೇ ಸರ್?

ಉತ್ತರ: ಆಗುತ್ತದೆ. ಟೈಮ್‌ಲೈನ್‌ನಲ್ಲಿ ಯಾವ ಕ್ಲಿಪ್ಪೂ ಆಯ್ಕೆಯಾಗಿರಬಾರದು. ಹಾಡಿನ ಕ್ಲಿಪ್ ಆಯ್ಕೆಯಾಗಿದ್ದರೆ ಮಾರ್ಕರ್ (ಸಮಯದ ಗುರುತು) ಸೀಕ್ವೆನ್ಸ್ ಮೇಲೆ ಬೀಳದೆ ಆ ಕ್ಲಿಪ್ಪಿನ ಮೇಲೆ ಬೀಳುತ್ತದೆ, ಮುಂದಿನ ಹೆಜ್ಜೆ ಕೆಡುತ್ತದೆ. ಹಾಡು ಓಡಿಸಿ, ತಾಳ ಬಿದ್ದಲ್ಲೆಲ್ಲ ಎಂ ಒತ್ತುತ್ತಾ ಹೋಗಿ. ಆಮೇಲೆ ಆಟೊಮೇಟ್ ಡಬ್ಬಿಯಲ್ಲಿ 'ಅಟ್ ಅನ್‌ನಂಬರ್ಡ್ ಮಾರ್ಕರ್ಸ್' ಆಯ್ದು, ಓವರ್‌ರೈಟ್ ರೀತಿಯಲ್ಲಿ ಇಳಿಸಿ. ಇದನ್ನು ಆಯ್ದರೆ ಟ್ರಾನ್ಸಿಷನ್ ಟಿಕ್ ಮಸುಕಾಗುತ್ತದೆ, ಗಾಬರಿ ಬೇಡ, ಫೇಡನ್ನು ಕೊನೆಗೆ ಶಿಫ್ಟ್ + ಡಿಯಿಂದಲೇ ಹಾಕಬೇಕು. ಫೋಟೊ ಅವಧಿ ಮಾರ್ಕರ್‌ಗಳ ನಡುವಿನ ಅತಿ ದೊಡ್ಡ ಅಂತರಕ್ಕಿಂತ ಹೆಚ್ಚಿರಲಿ. ಹೆಚ್ಚಾದದ್ದನ್ನು ಮುಂದಿನ ಫೋಟೊ ಮುಚ್ಚಿಕೊಳ್ಳುತ್ತದೆ, ಕಮ್ಮಿಯಾದರೆ ನಡುವೆ ಕಪ್ಪು.

ತಾಳಕ್ಕೆ 1 ಸೆಕೆಂಡ್ ಫೇಡ್ ಒಗ್ಗುವುದಿಲ್ಲ. ತಾಳ ಬಿದ್ದಾಗ ಎರಡೂ ಚಿತ್ರ ಅರ್ಧರ್ಧ ಕಾಣುತ್ತಿರುತ್ತವೆ, ಪೆಟ್ಟು ಸಪ್ಪೆ. 8ರಿಂದ 10 ಫ್ರೇಮ್ ಸಾಕು.

ಪ್ರಶ್ನೆ: ಮೇಲಿನ ಟ್ರ್ಯಾಕಿನ ಫೋಟೊಗೆ ಒಪಾಸಿಟಿ (ಎಷ್ಟು ಗಾಢವಾಗಿ ಕಾಣಬೇಕು ಎಂಬುದು) 100ರಿಂದ 0, ಕೆಳಗಿನದಕ್ಕೆ 0ಯಿಂದ 100 ಕೀಫ್ರೇಮ್ (ಬೆಲೆ ಎಲ್ಲಿ ಬದಲಾಗಬೇಕು ಎಂಬ ಗುರುತು) ಹಾಕಿದ್ದೇನೆ. ನಡುವೆ ಒಂದು ಕ್ಷಣ ಕರೆಂಟ್ ಡಿಮ್ ಆದಂತೆ ಕಪ್ಪಾಗುತ್ತದೆ, ಯಾಕೆ ಸರ್?

ಉತ್ತರ: ಒಂದೇ ಬೆಳಕಿನ ಎರಡು ಫೋಟೊ ಅಂದುಕೊಳ್ಳಿ. ನಡುಮಧ್ಯದಲ್ಲಿ ಮೇಲಿನದು 50%. ಉಳಿದ 50% ಜಾಗದಲ್ಲಿ ಕೆಳಗಿನದು ಕಾಣಬೇಕು, ಆದರೆ ಅದೂ 50% ಆಗಿರುವುದರಿಂದ ಕೊಡುವುದು 25% ಮಾತ್ರ. ಒಟ್ಟು 75%, ಉಳಿದ ಕಾಲು ಪಾಲು ಹಿಂದಿನ ಕಪ್ಪು. ಕೆಳಗಿನ ಫೋಟೊ ಪೂರ್ತಿ 100ರಲ್ಲೇ ಇರಲಿ, ಮೇಲಿನದನ್ನು ಮಾತ್ರ ಕರಗಿಸಿ. ಕ್ರಾಸ್ ಡಿಸಾಲ್ವ್‌ನಲ್ಲಿ ಎರಡರ ಪಾಲೂ ಸೇರಿ ಯಾವಾಗಲೂ 100 ಇರುತ್ತದೆ, ಈ ತೊಂದರೆ ಬರುವುದಿಲ್ಲ.

ಜೂಮ್ ಹಾಕುವವರಿಗೆ ಇದರದೇ ತಮ್ಮನಂಥ ಒಂದು ದೋಷ ಇದೆ. ಸ್ಕೇಲ್ ಕೀಫ್ರೇಮ್ ಕ್ಲಿಪ್ಪಿನ ಕೊನೆಯ ಫ್ರೇಮಿನಲ್ಲಿದ್ದರೆ, ಫೇಡ್ ಅಂಚು ದಾಟಿದ ಮೇಲೆ ಚಿತ್ರ ಥಟ್ಟನೆ ನಿಂತುಬಿಡುತ್ತದೆ. ಕ್ಲಿಪ್ಪನ್ನು ಎರಡೂ ಕಡೆ 15 ಫ್ರೇಮ್ ಎಳೆದು, ಅಲ್ಲಿ ಕೀಫ್ರೇಮ್ ಇಟ್ಟು, ಮತ್ತೆ ಹಿಂದಕ್ಕೆ ಟ್ರಿಮ್ ಮಾಡಿ. ಅಂಚಿನಾಚೆಯ ಕೀಫ್ರೇಮ್ ಅಲ್ಲೇ ಉಳಿದು ಚಲನೆ ಮುಂದುವರಿಯುತ್ತದೆ.

ಪ್ರಶ್ನೆ: ಇನ್ನೊಂದು ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ 150 ಫೋಟೊ ತಂದರೆ ಒಂದೇ ಕ್ಲಿಪ್ ಆಗಿ ಬಂದು 6 ಸೆಕೆಂಡಿಗೆ ಮುಗಿಯುತ್ತದೆ.

ಉತ್ತರ: ಹೆಸರುಗಳು ಕ್ರಮಸಂಖ್ಯೆಯಲ್ಲಿವೆ, ಹಾಗಾಗಿ ಅದನ್ನು ಇಮೇಜ್ ಸೀಕ್ವೆನ್ಸ್ (ಒಂದೊಂದು ಫೋಟೊ ಒಂದೊಂದು ಫ್ರೇಮ್) ಎಂದು ಓದಿದೆ, 150 ಫ್ರೇಮನ್ನು 25ರಿಂದ ಭಾಗಿಸಿದರೆ 6. ಮೀಡಿಯಾ ಪುಟದ ಮೂರು ಚುಕ್ಕೆ ಒತ್ತಿ, ಫ್ರೇಮ್ ಡಿಸ್‌ಪ್ಲೇ ಮೋಡ್ ಅನ್ನು 'ಇಂಡಿವಿಜುವಲ್' ಮಾಡಿ ಮತ್ತೆ ತನ್ನಿ. ಸ್ಟಿಲ್ ಅವಧಿ, ಟ್ರಾನ್ಸಿಷನ್ ಅವಧಿ ಎರಡೂ ಪ್ರಿಫರೆನ್ಸಸ್‌ನ ಯೂಸರ್ ವಿಭಾಗದಲ್ಲಿ, ಎಡಿಟಿಂಗ್ ಕೆಳಗಿವೆ. ಟೈಮ್‌ಲೈನ್‌ಗೆ ಹಾಕಿ, ಎಲ್ಲ ಆಯ್ದು ಕಂಟ್ರೋಲ್ + ಟಿ. ಫ್ರೇಮ್ ರೇಟ್ ಮಾತ್ರ ಮೀಡಿಯಾ ತರುವ ಮುನ್ನವೇ 25 ಮಾಡಿಕೊಳ್ಳಿ.

ಪ್ರಶ್ನೆ: ಪ್ರೆಸ್ಸಿನವರು ಕೊಟ್ಟ ಲಗ್ನಪತ್ರಿಕೆಯ ಜೆಪೆಗ್ ಮಾತ್ರ ಪ್ರೀಮಿಯರ್ ತೆಗೆದುಕೊಳ್ಳುತ್ತಿಲ್ಲ.

ಉತ್ತರ: ಅದು ಸಿಎಂವೈಕೆ ಇರಬೇಕು, ಮುದ್ರಣದ ಬಣ್ಣ. ಫೋಟೊಶಾಪ್‌ನಲ್ಲಿ ಇಮೇಜ್ ಮೆನುವಿನ ಮೋಡ್‌ಗೆ ಹೋಗಿ ಆರ್‌ಜಿಬಿ (ಪರದೆಯ ಬಣ್ಣ) ಮಾಡಿ ಸೇವ್ ಮಾಡಿ. ಬಣ್ಣ ಸ್ವಲ್ಪ ಬದಲಾದಂತೆ ಕಂಡರೆ ಅಲ್ಲೇ ತಿದ್ದಿಕೊಳ್ಳಿ.