ಸೌದೆ ಒಲೆಯ ತೆರಿಗೆ ಕ್ರೆಡಿಟ್: ಹಣ ಕಟ್ಟಿದ್ದು ಅಕ್ಟೋಬರ್ 2025ರಲ್ಲಿ, ಒಲೆ ಕೂರಿಸಿದ್ದು ಜನವರಿ 2026ರಲ್ಲಿ

ಹಿಮದಂಗಳ (ನ್ಯೂ ಹ್ಯಾಂಪ್‌ಶೈರ್, ಅಮೆರಿಕ) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಮನೆಯ ಜೊತೆಗೇ ನಮ್ಮ ಪಾಲಿಗೆ ಬಂದಿದ್ದ ಹಳೆಯ ಸೌದೆ ಒಲೆಯ ಬಾಗಿಲು ಸೊಟ್ಟಗಾಗಿ, ಗಾಳಿ ಬೀಸಿದಾಗಲೆಲ್ಲ ಹೊಗೆ ಕೋಣೆಯೊಳಕ್ಕೇ ನುಗ್ಗುತ್ತಿದ್ದುದರಿಂದ, ಕಳೆದ ಅಕ್ಟೋಬರ್ ಕೊನೆಯಲ್ಲಿ ಹೊಸ ಒಲೆಗೆ ಆರ್ಡರ್ ಕೊಟ್ಟು ಪೂರ್ತಿ ಹಣವನ್ನೂ ಅಂದೇ ಪಾವತಿಸಿದೆವು. ಒಲೆಗೆ 4,200 ಡಾಲರ್, ಚಿಮಣಿಯೊಳಗಿನ ಸ್ಟೀಲ್ ಕೊಳವೆ ಮತ್ತು ಜೋಡಣೆಯ ಕೂಲಿ ಸೇರಿ 2,300 ಡಾಲರ್, ಒಟ್ಟು 6,500 ಆಯಿತು. ಡಿಸೆಂಬರ್ 12ರಂದು ಒಲೆ ಮನೆಗೆ ಬಂತು. ಆದರೆ ಚಿಮಣಿ ಕೆಲಸದವರು ಹಿಮದ ಕಾರಣದಿಂದ ಎರಡು ಸಲ ದಿನ ಮುಂದೂಡಿ, ಕೊನೆಗೆ ಜನವರಿ 9ರಂದು ಬಂದು ಜೋಡಿಸಿಕೊಟ್ಟರು. ಅಷ್ಟೂ ದಿನ ಅದು ಗ್ಯಾರೇಜಿನಲ್ಲಿ, ಬಂದ ಪ್ಯಾಲೆಟ್ಟಿನ ಮೇಲೆಯೇ, ಪ್ಲಾಸ್ಟಿಕ್ ಹೊದಿಕೆ ಹೊದ್ದು ಕುಳಿತಿತ್ತು.

ಅಂಗಡಿಯವರು ಮಾರುವಾಗ, “ಇದು ಇಪಿಎ (ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ) ಪ್ರಮಾಣಿತ ಒಲೆ, ಶೇ. 30ರಷ್ಟು ಹಣ ತೆರಿಗೆಯಲ್ಲಿ ವಾಪಸ್ ಬರುತ್ತದೆ” ಎಂದು ಖಚಿತವಾಗಿ ಹೇಳಿದ್ದರು. ಈಗ 2025ರ ರಿಟರ್ನ್ ತುಂಬಲು ಕುಳಿತಾಗ ಅನುಮಾನ ಶುರುವಾಗಿದೆ. ಹಣ ಕೊಟ್ಟದ್ದೂ ಒಲೆ ಕೈಸೇರಿದ್ದೂ 2025ರಲ್ಲೇ ಆಗಿರುವುದರಿಂದ ಕ್ರೆಡಿಟ್ ಕೇಳಬಹುದೇ? ಇಲ್ಲವಾದರೆ 2026ರ ರಿಟರ್ನಿನಲ್ಲಿ ಕೇಳಲು ಅವಕಾಶವಿದೆಯೇ? ರಾಜ್ಯದ ಮಟ್ಟದಲ್ಲೇನಾದರೂ ಸಿಗುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಲೆಕ್ಕದ ಕಡತ ಅವರ ಉತ್ತರ:

ಕೆಟ್ಟ ಸುದ್ದಿಯನ್ನು ಸುತ್ತಿಬಳಸದೆ ಹೇಳಿಬಿಡುತ್ತೇನೆ. ಈ ಒಲೆಗೆ ನಿಮಗೆ ಕ್ರೆಡಿಟ್ ಸಿಗುವುದಿಲ್ಲ, 2025ಕ್ಕೂ ಇಲ್ಲ, 2026ಕ್ಕೂ ಇಲ್ಲ.

ನೀವು ಹೇಳುತ್ತಿರುವುದು ತೆರಿಗೆ ಸಂಹಿತೆಯ 25ಸಿ ಕಲಮಿನ ಕ್ರೆಡಿಟ್. 2022ರ ಇನ್‌ಫ್ಲೇಶನ್ ರಿಡಕ್ಷನ್ ಕಾಯಿದೆ ಅದನ್ನು ಹಿಗ್ಗಿಸಿ, 2023ರ ಜನವರಿ 1ರಿಂದ ಸೌದೆ ಮತ್ತು ಪೆಲೆಟ್ (ಒತ್ತಿ ಮಾಡಿದ ಮರದಪುಡಿಯ ಗುಳಿಗೆ) ಒಲೆಗಳ ಖರ್ಚಿನ ಶೇ. 30ರಷ್ಟನ್ನು, ವರ್ಷಕ್ಕೆ 2,000 ಡಾಲರ್ ಮಿತಿಯೊಳಗೆ, ತೆರಿಗೆಯಿಂದ ಕಳೆಯಲು ಅವಕಾಶ ಕೊಟ್ಟಿತು. ಮೂಲ ಲೆಕ್ಕದ ಪ್ರಕಾರ ಅದು 2032ರ ಕೊನೆಯವರೆಗೂ ಇರಬೇಕಿತ್ತು. ಆದರೆ 2025ರ ಜುಲೈ 4ರಂದು ಸಹಿಯಾದ ಹೊಸ ಕಾನೂನು ಅದನ್ನು ಏಳು ವರ್ಷ ಮೊದಲೇ ಕತ್ತರಿಸಿ, 2025ರ ಡಿಸೆಂಬರ್ 31ರ ನಂತರ ಬಳಕೆಗೆ ಸಿದ್ಧವಾದ ಯಾವ ಉಪಕರಣಕ್ಕೂ ಕ್ರೆಡಿಟ್ ಇಲ್ಲವೆಂದು ಹೇಳಿತು. ಇಲ್ಲಿ ಬಿಲ್ಲಿನ ದಿನಾಂಕಕ್ಕಾಗಲಿ, ಲಾರಿ ಮನೆ ಬಾಗಿಲಿಗೆ ಬಂದ ದಿನಾಂಕಕ್ಕಾಗಲಿ ಬೆಲೆಯಿಲ್ಲ. ಒಲೆ ಚಿಮಣಿಗೆ ಜೋಡಣೆಯಾಗಿ, ಬೆಂಕಿ ಹಚ್ಚಲು ಅಣಿಯಾದ ದಿನವೇ ಲೆಕ್ಕಕ್ಕೆ ಬರುವುದು. ಡಿಸೆಂಬರ್ 31ರ ನಂತರ ಬಳಕೆಗೆ ಸಿದ್ಧವಾದದ್ದಕ್ಕೆ ಈ ಕ್ರೆಡಿಟ್ ಇಲ್ಲವೆಂಬುದನ್ನು ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್ 2025ರ ಆಗಸ್ಟಿನಲ್ಲಿ ಪ್ರಕಟಿಸಿದ ಪ್ರಶ್ನೋತ್ತರದಲ್ಲಿಯೂ ಸ್ಪಷ್ಟಪಡಿಸಿದೆ. ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಹೊದ್ದು ಕುಳಿತ ಒಲೆ ಕಾನೂನಿನ ಕಣ್ಣಿಗೆ ಇನ್ನೂ ಒಲೆಯೇ ಅಲ್ಲ. ಒಂಬತ್ತು ದಿನಗಳಲ್ಲಿ ತಪ್ಪಿಹೋಯಿತು; ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆನ್ನುವುದು ಇದಕ್ಕೇ.

ರಾಜ್ಯದ ವಿಷಯ: ನ್ಯೂ ಹ್ಯಾಂಪ್‌ಶೈರ್ ಸಂಬಳದ ಮೇಲೆ ತೆರಿಗೆ ಹಾಕುವುದೇ ಇಲ್ಲ, ಬಡ್ಡಿ ಮತ್ತು ಡಿವಿಡೆಂಡಿನ ಮೇಲಿದ್ದ ತೆರಿಗೆಯೂ 2025ರ ಆರಂಭಕ್ಕೆ ರದ್ದಾಯಿತು. ಕಳೆಯಲು ತೆರಿಗೆಯೇ ಇಲ್ಲದ ಕಡೆ ಕ್ರೆಡಿಟ್ಟನ್ನು ಹುಡುಕುವ ಶ್ರಮ ಬೇಡ. ಐಡಾಹೊದಂಥ ರಾಜ್ಯಗಳಲ್ಲಿ ಪ್ರಮಾಣವಿಲ್ಲದ ಹಳೆಯ ಒಲೆಯನ್ನು ತೆಗೆದು ಪ್ರಮಾಣಿತ ಒಲೆ ಹಾಕಿದವರಿಗೆ ಆದಾಯದಲ್ಲಿ ಕಡಿತವೇನೋ ಇದೆ. ಅದು ಅಲ್ಲಿಯವರಿಗೆ ಮಾತ್ರ.

ಬೂದಿಬುಟ್ಟಿ ಅವರ ಉತ್ತರ:

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯವಿದೆಯೇ? ಚಿಮಣಿ ಕೆಲಸದವರು ತಡಮಾಡಿದ್ದು ಅವರ ತಪ್ಪು. ಡಿಸೆಂಬರ್ 30 ಎಂದು ದಿನಾಂಕ ಹಾಕಿ ಬಿಲ್ ಕೊಡಿ ಎಂದು ಕೇಳಿದರೆ ಅವರು ಇಲ್ಲವೆನ್ನಲಿಕ್ಕಿಲ್ಲ. ರಿಟರ್ನಿನ ಜೊತೆ ಬಿಲ್ಲನ್ನು ಲಗತ್ತಿಸಬೇಕಾಗಿಯೂ ಇಲ್ಲವಲ್ಲ.

ಲೆಕ್ಕದ ಕಡತ ಅವರ ಉತ್ತರ:

ಲಗತ್ತಿಸಬೇಕಾಗಿಲ್ಲವೆಂಬುದು ನಿಜ, ಆದರೆ ಕೇಳಿದಾಗ ತೋರಿಸಬೇಕು. ರಿಟರ್ನಿಗೆ ಸಹಿ ಹಾಕುವವರು ಸುಳ್ಳು ಹೇಳಿದರೆ ಶಿಕ್ಷೆಗೆ ಒಳಗಾಗುತ್ತೇವೆಂದು ಒಪ್ಪಿಕೊಂಡೇ ಸಹಿ ಹಾಕುತ್ತಾರೆ. ಚಿಮಣಿ ಕೆಲಸದವರು ಹಾಕುವುದಿಲ್ಲ. ಅಲ್ಲದೆ ಸೌದೆ ಒಲೆ ಕದ್ದುಮುಚ್ಚಿ ಕೂರಿಸುವ ವಸ್ತುವಲ್ಲ. ಅನೇಕ ಊರುಗಳಲ್ಲಿ ಅದಕ್ಕೆ ಪರ್ಮಿಟ್ ಬೇಕು, ಮೊದಲ ಬೆಂಕಿಗೆ ಮುಂಚೆ ಅಗ್ನಿಶಾಮಕ ಇಲಾಖೆಯವರು ಬಂದು ಒಲೆಗೂ ಗೋಡೆಗೂ ಇರುವ ಅಂತರವನ್ನು ಟೇಪು ಹಿಡಿದು ಅಳೆದು ಸಹಿ ಮಾಡುತ್ತಾರೆ, ಮನೆಯ ವಿಮೆಯವರೂ ಆ ಕಾಗದವನ್ನು ಕೇಳುವುದುಂಟು. ಅದರ ಮೇಲೆ ಜನವರಿ ಎಂದಿರುವಾಗ ಬಿಲ್ಲಿನಲ್ಲಿ ಡಿಸೆಂಬರ್ ಎಂದಿದ್ದರೆ ವಿವರಣೆ ಕೊಡಬೇಕಾದವರು ಹಿಮದಂಗಳ ಅವರೇ ಹೊರತು ನೀವಲ್ಲ.

ಒಣಸೌದೆ (ವರ್ಮಾಂಟ್) ಅವರ ಉತ್ತರ:

ಅಂಗಡಿಯವರ ಮಾತಿನಲ್ಲಿ ಇನ್ನೊಂದು ತಪ್ಪಿದೆ. ಇದು ಹಿಮದಂಗಳ ಅವರಿಗಿಂತ, ಕಳೆದ ಮೂರು ವರ್ಷಗಳಲ್ಲಿ ಒಲೆ ಹಾಕಿಸಿದ ಉಳಿದವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಇಪಿಎ ಪ್ರಮಾಣವೇ ಬೇರೆ, ತೆರಿಗೆಯ ಅರ್ಹತೆಯೇ ಬೇರೆ. ಇಪಿಎ ನೋಡುವುದು ಮುಖ್ಯವಾಗಿ ಹೊಗೆಯನ್ನು. 2020ರ ಮೇ 15ರಿಂದ ಮಾರಾಟವಾಗುವ ಹೊಸ ಒಲೆ ಗಂಟೆಗೆ 2 ಗ್ರಾಂಗಿಂತ ಹೆಚ್ಚು ಕಣಗಳನ್ನು ಉಗುಳಬಾರದು. ಸೀಳಿದ ಸಾಮಾನ್ಯ ಸೌದೆಯಿಂದ ಪರೀಕ್ಷೆ ಮಾಡಿದ್ದರೆ ಈ ಮಿತಿ 2.5 ಗ್ರಾಂ. ತೆರಿಗೆಯವರು ಕೇಳುತ್ತಿದ್ದದ್ದು ದಕ್ಷತೆಯನ್ನು: ಸೌದೆಯಲ್ಲಿರುವ ಶಾಖದಲ್ಲಿ ಕನಿಷ್ಠ ಶೇ. 75ರಷ್ಟು ಮನೆಗೆ ಸಿಗಬೇಕು, ಅದೂ ‘ಹೈಯರ್ ಹೀಟಿಂಗ್ ವ್ಯಾಲ್ಯೂ’ ಲೆಕ್ಕದಲ್ಲಿ. ಸೌದೆ ಉರಿಯುವಾಗ ಹುಟ್ಟುವ ನೀರಾವಿ ತನ್ನೊಳಗೆ ಒಂದಿಷ್ಟು ಶಾಖವನ್ನು ಹೊತ್ತುಕೊಂಡೇ ಚಿಮಣಿ ಹತ್ತುತ್ತದೆ. ಆ ಶಾಖವನ್ನೂ ಸೌದೆಯ ಖಾತೆಗೆ ಸೇರಿಸಿ ಭಾಗಿಸಿದರೆ ಬರುವುದು ಹೈಯರ್ ಲೆಕ್ಕ, ಬಿಟ್ಟು ಭಾಗಿಸಿದರೆ ಲೋಯರ್ ಲೆಕ್ಕ. ಹೀಗಾಗಿ ಒಂದೇ ಒಲೆ ಲೋಯರ್ ಲೆಕ್ಕದಲ್ಲಿ ಐದಾರು ಅಂಕ ಹೆಚ್ಚು ದಕ್ಷವಾಗಿ ಕಾಣುತ್ತದೆ, ಕರಪತ್ರದಲ್ಲಿ ಆ ದೊಡ್ಡ ಅಂಕಿಯನ್ನೇ ಅಚ್ಚು ಹಾಕುವ ಆಸೆಯೂ ಸಹಜ. 2009 ಮತ್ತು 2010ರಲ್ಲಿ 1,500 ಡಾಲರ್‌ವರೆಗೆ ಕ್ರೆಡಿಟ್ ಕೊಡುತ್ತಿದ್ದಾಗ ಲೋಯರ್ ಲೆಕ್ಕವೇ ನಡೆಯುತ್ತಿತ್ತು, ಆ ಕಾಲದ ಮಾತು ಕೆಲವು ಅಂಗಡಿಗಳಲ್ಲಿ ಇನ್ನೂ ಉಳಿದುಕೊಂಡಿದೆ.

ನಾನೇ ಇದರಲ್ಲಿ ಎಡವಿದವನು. 2023ರಲ್ಲಿ ಮೊದಲು ಮೆಚ್ಚಿದ ಒಲೆಯ ಕರಪತ್ರದಲ್ಲಿ ಶೇ. 79 ಎಂದಿತ್ತು, ಮುಂಗಡವನ್ನೂ ಕೊಟ್ಟಿದ್ದೆ. ಇಪಿಎಯ ಪಟ್ಟಿಯಲ್ಲಿ ಅದೇ ಮಾದರಿಯನ್ನು ಹುಡುಕಿದಾಗ ಶೇ. 73 ಎಂದು ಕಂಡಿತು. ಮುಂಗಡ ಹಿಂದಿರುಗಿಸಿಕೊಳ್ಳಲು ಎರಡು ವಾರ ಜಗಳವಾಡಿ, ಕೊನೆಗೆ ಕ್ಯಾಟಲಿಟಿಕ್ ಒಲೆಯೊಂದನ್ನು ಕೊಂಡೆ. ಅಂಥವುಗಳಲ್ಲಿ ಶೇ. 75 ದಾಟುವವು ಹೆಚ್ಚು. ಜೇನುಗೂಡಿನಂಥ ತೂತುಗಳ ಬಿಲ್ಲೆಯೊಂದು ಹೊಗೆಯನ್ನು ಕಡಿಮೆ ಶಾಖದಲ್ಲೇ ಮತ್ತೊಮ್ಮೆ ಸುಡುತ್ತದೆ. ಹಸಿ ಸೌದೆ ತುಂಬಿದರೆ ಮಾತ್ರ ಯಾವ ಬಿಲ್ಲೆಯೂ ಕೆಲಸ ಮಾಡುವುದಿಲ್ಲ, ತೇವ ಶೇ. 20ರೊಳಗಿರಬೇಕು.

2023 ಅಥವಾ 2024ರಲ್ಲಿ ಅರ್ಹ ಒಲೆ ಹಾಕಿಸಿ ಕ್ರೆಡಿಟ್ ಕೇಳುವುದನ್ನೇ ಮರೆತವರು, ರಿಟರ್ನ್ ಸಲ್ಲಿಸಿದ ಮೂರು ವರ್ಷಗಳೊಳಗೆ ಫಾರ್ಮ್ 1040-ಎಕ್ಸ್ (ತಿದ್ದುಪಡಿಯ ರಿಟರ್ನ್) ಜೊತೆ ಫಾರ್ಮ್ 5695 (ಈ ಕ್ರೆಡಿಟ್ ಕೇಳುವ ನಮೂನೆ) ಇಟ್ಟು ತಿದ್ದುಪಡಿ ಮಾಡಬಹುದು. 2023ರ ರಿಟರ್ನನ್ನು 2024ರ ಏಪ್ರಿಲ್ ಗಡುವಿನೊಳಗೆ ಸಲ್ಲಿಸಿದ್ದವರಿಗೆ 2027ರ ಏಪ್ರಿಲ್ ಮಧ್ಯದವರೆಗೆ ಸಮಯವಿದೆ. ತಯಾರಕರ ಪ್ರಮಾಣಪತ್ರ ಮನೆಯ ಕಡತದಲ್ಲಿದ್ದರೆ ಸಾಕು.

ಹಿಮದಂಗಳ ಅವರ ಉತ್ತರ:

ಎಲ್ಲರಿಗೂ ಧನ್ಯವಾದ. ಬೂದಿಬುಟ್ಟಿಯವರ ಕಾಳಜಿ ಅರ್ಥವಾಗುತ್ತದೆ, ಆದರೆ ಆ ದಾರಿ ಬೇಡ. ನಮ್ಮ ಊರಿನ ಪರಿಶೀಲನಾ ಕಾಗದದ ಮೇಲೆ ಜನವರಿ 13 ಎಂದು ಸ್ಪಷ್ಟವಾಗಿದೆ. 6,500ರ ಶೇ. 30 ಎಂದರೆ 1,950 ಡಾಲರ್. ಅಷ್ಟೂ ಹೋಯಿತಲ್ಲ ಎಂಬ ಸಂಕಟವಷ್ಟೇ. ಸೆಪ್ಟೆಂಬರಿನಲ್ಲಿ ಹೀಟ್ ಪಂಪ್ ವಾಟರ್ ಹೀಟರ್ (ಸುತ್ತಲಿನ ಗಾಳಿಯ ಶಾಖವನ್ನು ಹೀರಿ ನೀರು ಕಾಯಿಸುವ ಯಂತ್ರ) ಹಾಕಿಸಲು 3,600 ಖರ್ಚಾಗಿತ್ತು, ಆ ವರ್ಷ ಕೈ ಸ್ವಲ್ಪ ಬಿಗಿಯಾಗಿಯೇ ಇತ್ತು.

ಲೆಕ್ಕದ ಕಡತ ಅವರ ಉತ್ತರ:

ಆ ವಾಟರ್ ಹೀಟರಿನ ವಿಷಯವನ್ನು ಮೊದಲೇ ಹೇಳಬಾರದಿತ್ತೇ! ಸೆಪ್ಟೆಂಬರಿನಲ್ಲೇ ಜೋಡಣೆ ಮುಗಿದಿದ್ದರೆ, ಅದು ಅರ್ಹ ಮಾದರಿಯಾಗಿದ್ದರೆ, 3,600ರ ಶೇ. 30 ಆದ 1,080 ಡಾಲರನ್ನು 2025ರ ರಿಟರ್ನಿನಲ್ಲಿ ಕೇಳಬಹುದು. ನಿಮ್ಮ ಸಂಕಟದ ಲೆಕ್ಕವನ್ನೂ ತಿದ್ದಬೇಕು. ವರ್ಷಕ್ಕೆ 2,000 ಎಂಬ ಮಿತಿ ಒಲೆಗೊಂದು, ಹೀಟ್ ಪಂಪಿಗೊಂದು ಎಂದು ಬೇರೆ ಬೇರೆಯಾಗಿ ಇಲ್ಲ. ಎರಡೂ ಅದೇ ಮಿತಿಯೊಳಗೆ ಬರುತ್ತವೆ. ಒಲೆಯ ಜೋಡಣೆ ಡಿಸೆಂಬರಿನಲ್ಲೇ ಆಗಿದ್ದರೂ 3,030 ಅಲ್ಲ, 2,000 ಮಾತ್ರ ಸಿಗುತ್ತಿತ್ತು. ಅಂದರೆ ಹಿಮ ಬಿದ್ದದ್ದರಿಂದ ನಿಮಗಾದ ನಷ್ಟ 1,950 ಅಲ್ಲ, 920.

ಎರಡು ಎಚ್ಚರಿಕೆಗಳಿವೆ. ಈ ಕ್ರೆಡಿಟ್ ನಿಮ್ಮ ತೆರಿಗೆಯನ್ನು ಸೊನ್ನೆಗೆ ಇಳಿಸೀತೇ ಹೊರತು ಅದಕ್ಕಿಂತ ಮುಂದೆ ಹೋಗಿ ಕೈಗೆ ಹಣ ಕೊಡುವುದಿಲ್ಲ, ಉಳಿದದ್ದು ಮುಂದಿನ ವರ್ಷಕ್ಕೂ ಹೋಗುವುದಿಲ್ಲ. ವಿದ್ಯುತ್ ಕಂಪನಿ ರಿಬೇಟ್ ಕೊಟ್ಟಿದ್ದರೆ ಅದನ್ನು ಖರ್ಚಿನಿಂದ ಮೊದಲೇ ಕಳೆಯಬೇಕು. ಇನ್ನು, 2025ರಲ್ಲಿ ಹಾಕಿಸಿದ ಉಪಕರಣಕ್ಕೆ ತಯಾರಕರ ನಾಲ್ಕು ಅಕ್ಷರದ ಗುರುತಿನ ಸಂಕೇತವನ್ನು ಫಾರ್ಮ್ 5695ರಲ್ಲಿ ಬರೆಯಲೇಬೇಕು.

ಹಿಮದಂಗಳ ಅವರ ಉತ್ತರ:

ಈಗಷ್ಟೇ ನೆಲಮಾಳಿಗೆಗೆ ಟಾರ್ಚು ಹಿಡಿದು ಹೋಗಿ ಬಂದೆ. ಹೀಟರಿನ ಮೈಮೇಲಿನ ಚೀಟಿಯಲ್ಲಿ ಮಾದರಿ ಸಂಖ್ಯೆ ಮಾತ್ರ ಇದೆ. ಸಂಕೇತ ತಯಾರಕರ ಜಾಲತಾಣದಲ್ಲಿ, ಅದೇ ಮಾದರಿಯ ಪ್ರಮಾಣಪತ್ರದೊಳಗೆ ಸಿಕ್ಕಿತು. ವಿದ್ಯುತ್ ಕಂಪನಿಯಿಂದ 400 ಡಾಲರ್ ರಿಬೇಟ್ ಬಂದಿತ್ತು, ಹಾಗಾಗಿ 3,200ರ ಶೇ. 30, ಅಂದರೆ 960 ಎಂದು ಬರೆದುಕೊಂಡಿದ್ದೇನೆ.