ಡಿಜಿಟಲ್ ಟ್ವಿನ್ ಹೇಳಿದಂತೆ ಸಿಬ್ಬಂದಿ ಬದಲಿಸಿದೆವು, ವಿಳಂಬ ಹೆಚ್ಚಾಯಿತು: ದೋಷ ಎಲ್ಲಿದೆ?

ಕಡತಪಾಲ:
ನಮ್ಮ ಸಂಸ್ಥೆಯಲ್ಲಿ ಖರೀದಿ ಮಂಜೂರಾತಿಯ ಕಡತಗಳು 4 ಹಂತ ದಾಟಬೇಕು. 18 ತಿಂಗಳ ಲಾಗ್‌ನಿಂದ ಕಟ್ಟಿದ ಡಿಜಿಟಲ್ ಟ್ವಿನ್ (ಈ ಕಡತಗಳ ಓಡಾಟದ ಕಂಪ್ಯೂಟರ್ ಪ್ರತಿರೂಪ), ಕಡತವೊಂದಕ್ಕೆ ಸರಾಸರಿ 11 ಕೆಲಸದ ದಿನ ಎಂಬ ಹಳೆಯ ಲೆಕ್ಕವನ್ನು ಸರಿಯಾಗಿಯೇ ತೋರಿಸುತ್ತಿತ್ತು. ಒಂದನೇ ಹಂತದ ಇಬ್ಬರನ್ನು ಮೂರನೆಯದಕ್ಕೆ ಕಳುಹಿಸಿದರೆ 7 ದಿನಕ್ಕೆ ಇಳಿಯುತ್ತದೆ ಎಂದು ಸಿಮ್ಯುಲೇಷನ್ ಹೇಳಿತು. ನಾನೇ ಮುಂದೆ ನಿಂತು ಆಡಳಿತ ಮಂಡಳಿಯನ್ನು ಒಪ್ಪಿಸಿದೆ. ಆರು ವಾರಗಳ ನಂತರ 14 ದಿನ ಹಿಡಿಯುತ್ತಿದೆ. ಎಲ್ಲವನ್ನೂ ಪರಿಶೀಲಿಸಿದ್ದೇನೆ, ದಯವಿಟ್ಟು ದಾರಿ ತೋರಿಸಿ.

ಮಾದರಿಗಾರ:
ವಾರ್ಮ್‌-ಅಪ್ ಅವಧಿ (ಸಿಮ್ಯುಲೇಷನ್ ಸಹಜ ಸ್ಥಿತಿಗೆ ಬರುವವರೆಗಿನ ಆರಂಭದ ಕಾಲ) ತೆಗೆದಿದ್ದೀರಾ? ಖಾಲಿ ಸಾಲಿನಿಂದ ಆರಂಭವಾದ ಸಿಮ್ಯುಲೇಷನ್ ಸಾಮಾನ್ಯವಾಗಿ ಕಡಿಮೆ ವಿಳಂಬ ತೋರಿಸುತ್ತದೆ.

ಕಡತಪಾಲ:
ಮೊದಲ 8 ವಾರ ಬಿಟ್ಟು, 30 ಬಾರಿ ಓಡಿಸಿದ್ದೇನೆ.

ಮಾದರಿಗಾರ:
ಆದರೂ 8 ವಾರ ಸಾಲದಿರಬಹುದು. ಆರಂಭದ ಏರುಪೇರು ಎಲ್ಲಿ ನಿಲ್ಲುತ್ತದೆ ಎಂದು ತೋರಿಸುವ ವೆಲ್ಚ್ ವಿಧಾನದಲ್ಲಿ ಚಲಿಸುವ ಸರಾಸರಿಯ ನಕ್ಷೆ ಬರೆದು ಇಲ್ಲಿ ಹಾಕಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ದೋಷಗಳು ಇಲ್ಲಿಯೇ ಸಿಕ್ಕಿವೆ.

ನೆರಳು:
ಮೂಲ ಪ್ರಶ್ನೆಯೇ ಬೇರೆ. ಲಾಗನ್ನು ತಿಂಗಳಿಗೊಮ್ಮೆ ಕೈಯಿಂದ ತುಂಬುತ್ತಿದ್ದರೆ ಅದು ಟ್ವಿನ್ ಅಲ್ಲ, ಬರೀ ಮಾದರಿ. 2002ರಲ್ಲಿ ಮೈಕೆಲ್ ಗ್ರೀವ್ಸ್ ಈ ಕಲ್ಪನೆಯನ್ನು ಮುಂದಿಟ್ಟಾಗಲೇ ನಿಜವಾದ ವಸ್ತು, ಅದರ ಪ್ರತಿರೂಪ ಮತ್ತು ಎರಡರ ನಡುವೆ ಹರಿಯುವ ಮಾಹಿತಿ ಎಂಬ ಮೂರೂ ಅದರಲ್ಲಿದ್ದವು. ನಮ್ಮಲ್ಲಿ 15 ನಿಮಿಷಕ್ಕೊಮ್ಮೆ ಮಾಹಿತಿ ತಾನಾಗಿ ಹೊಸದಾಗುತ್ತದೆ.

ಮಾದರಿಗಾರ:
ಹೆಸರು ಬದಲಿಸಿದರೆ 14 ದಿನ 7 ಆಗುವುದಿಲ್ಲ.

ನೆರಳು:
ಯಾರು ಈಗ ಎಲ್ಲಿ ಕುಳಿತಿದ್ದಾರೆ ಎಂಬುದೇ ಮಾದರಿಗೆ ತಿಳಿಯದಿದ್ದಾಗ ಹೆಸರಿನ ವ್ಯತ್ಯಾಸ ಸಣ್ಣದಲ್ಲ.

ಸರತಿಸಾಲು:
ಕಡತಪಾಲರೇ, ಪ್ರತಿ ಹಂತದ ಕೆಲಸದ ಅವಧಿಯನ್ನು ಯಾವುದರಿಂದ ಲೆಕ್ಕ ಹಾಕಿದಿರಿ?

ಕಡತಪಾಲ:
ಹಂತಕ್ಕೆ ಬಂದ ಸಮಯ ಮತ್ತು ಹೊರಟ ಸಮಯದ ವ್ಯತ್ಯಾಸ. ಲಾಗ್‌ನಲ್ಲಿ ಇರುವುದೇ ಅಷ್ಟು. ಹಾಗೆ ಮಾಡಿದಾಗ ಸಾಲು ಕೊನೆಯಿಲ್ಲದೆ ಬೆಳೆಯುತ್ತಿತ್ತು, ಆದ್ದರಿಂದ ಒಬ್ಬೊಬ್ಬರೂ ಏಕಕಾಲಕ್ಕೆ 6 ಕಡತ ನೋಡುತ್ತಾರೆ ಎಂದು ಇಟ್ಟೆ. ಆಮೇಲೆ 11 ದಿನಕ್ಕೆ ಹೊಂದಿಕೊಂಡಿತು.

ಸರತಿಸಾಲು:
ಈ ಮಾತು ಮೊದಲೇ ಬರಬೇಕಿತ್ತು. ಆ ವ್ಯತ್ಯಾಸದಲ್ಲಿ ಕಡತ ಮೇಜಿನ ಮೇಲೆ ಕಾದು ಕುಳಿತ ಸಮಯವೂ ಸೇರಿದೆ. ಅದನ್ನು ಕೆಲಸವೆಂದು ಎಣಿಸಿ, ಸಾಲು ಉಬ್ಬಿದಾಗ 6ರ ಗುಣಕದಿಂದ ಒತ್ತಿದ್ದೀರಿ. ಒಟ್ಟು ಸರಾಸರಿ ಹೊಂದಿತು, ಹಂತಗಳು ಹೊಂದಲಿಲ್ಲ. ಒಂದನೇ ಹಂತದಲ್ಲಿ ಕಾಯುವಿಕೆ ಕಡಿಮೆ ಇದ್ದಿದ್ದರೆ, ಅದೇ ಗುಣಕ ಅಲ್ಲಿನವರಿಗೆ ಇಲ್ಲದ ಬಿಡುವನ್ನು ಕಾಣಿಸಿರುತ್ತದೆ, ನೀವು ತೆಗೆದದ್ದೂ ಅಲ್ಲಿಂದಲೇ. ಯಾದೃಚ್ಛಿಕವಾಗಿ ಕಡತ ಬರುವ ಒಂದೇ ಮೇಜಿನ ಸರಳ ಲೆಕ್ಕದಲ್ಲಿ, ಕೆಲಸದ ಹೊರೆ ಶೇ 80 ಇದ್ದಾಗ ಕಾಯುವಿಕೆ ಕೆಲಸದ ಅವಧಿಯ 4 ಪಟ್ಟು, ಶೇ 95ಕ್ಕೆ ಏರಿದರೆ 19 ಪಟ್ಟು. ಕಡತ ತೆರೆದ ಕ್ಷಣವನ್ನು ಎರಡು ವಾರ ದಾಖಲಿಸಿ, ಗುಣಕವನ್ನು ಕಿತ್ತುಹಾಕಿ. ಜೊತೆಗೆ ಬದಲಾವಣೆಗೆ ಮುಂಚಿನ ಬಾಕಿ ಕಡತಗಳನ್ನು ಎಣಿಸಿ. ಲಿಟಲ್ ನಿಯಮದ ಪ್ರಕಾರ ಅದು ದಿನದ ಆವಕ ಮತ್ತು ಸರಾಸರಿ ದಿನಗಳ ಗುಣಲಬ್ಧವಾಗಿರಬೇಕು.

ಮಾದರಿಗಾರ:
ಒಪ್ಪುತ್ತೇನೆ, ಆದರೂ ವೆಲ್ಚ್ ನಕ್ಷೆ ನೋಡುವುದು ಒಳ್ಳೆಯದು.

ಕಡತಪಾಲ:
ಎಣಿಸಿದೆ. ದಿನಕ್ಕೆ 40 ಕಡತ, 11 ದಿನ ಎಂದರೆ 440 ಇರಬೇಕಿತ್ತು, ಇದ್ದದ್ದು 610. ನನ್ನ ಲಾಗ್‌ಗೆ ಮುಕ್ತಾಯವಾದ ಕಡತಗಳು ಮಾತ್ರ ಬರುತ್ತಿದ್ದವಂತೆ. ಹಾಗಾದರೆ ಹಳೆಯ ಸರಾಸರಿ 11 ಅಲ್ಲ, 15ರ ಆಸುಪಾಸು. ಈಗಿನ 14 ಅನ್ನೂ ನಂಬುವಂತಿಲ್ಲ, ಅದೂ ಅದೇ ಲಾಗ್‌ನದು. ಆ ಇಬ್ಬರನ್ನು ಈಗಲೇ ಹಿಂದಕ್ಕೆ ಕಳುಹಿಸಬೇಕೇ, ಎರಡು ವಾರದ ದಾಖಲೆ ಮುಗಿಯುವವರೆಗೆ ಕಾಯಬೇಕೇ?