ಬೂದು ತಿರುಗಿದ ಬಡಾವಣೆ ರಸ್ತೆಗೆ ಮೈಕ್ರೋ ಸರ್ಫೇಸಿಂಗ್ ಸಾಕಾ, ಹೊಸ ಡಾಂಬರೇ ಬೇಕಾ?

ಪ್ರಶ್ನೆ (ಬಡಾವಣೆ ಸಂಘದ ಕಾರ್ಯದರ್ಶಿ, ಮೈಸೂರು): ಸರ್, ನಮ್ಮ ಒಳರಸ್ತೆಗಳನ್ನು ಸಂಘವೇ ನೋಡಿಕೊಳ್ಳುತ್ತದೆ. ಡಾಂಬರು ಹಾಕಿ ಆರು ವರ್ಷವಾಯಿತು. ಗುಂಡಿ ಬಿದ್ದಿಲ್ಲ. ಆದರೆ ಕಪ್ಪು ಹೋಗಿ ಬೂದು ಬಣ್ಣ ಬಂದಿದೆ, ಕೂದಲೆಳೆಯಂಥ ಬಿರುಕುಗಳಿವೆ, ಗುಡಿಸಿದರೆ ಸಣ್ಣ ಜಲ್ಲಿ ಏಳುತ್ತದೆ. ಒಬ್ಬ ಗುತ್ತಿಗೆದಾರರು ಮೈಕ್ರೋ ಸರ್ಫೇಸಿಂಗ್ (ರಸ್ತೆ ಮೇಲೆ ಹಾಸುವ ತೆಳು ಲೇಪ) ಸಾಕು ಅನ್ನುತ್ತಾರೆ. ಇನ್ನೊಬ್ಬರು ಮೇಲೆ 30 ಮಿ.ಮೀ. ಹೊಸ ಡಾಂಬರೇ ಹಾಕಿಸಿ ಅನ್ನುತ್ತಾರೆ. ಯಾರ ಮಾತು ಕೇಳೋಣ?

ಉತ್ತರ (ರಸ್ತೆ ಕಾಮಗಾರಿ ಎಂಜಿನಿಯರ್): ನೀವು ಹೇಳಿದ್ದಷ್ಟೇ ಆದರೆ ಮೊದಲನೆಯವರು ಸರಿ. ಬಿಸಿಲು ಗಾಳಿಗೆ ಮೇಲ್ಭಾಗದ ಬಿಟುಮೆನ್, ಅಂದರೆ ಜಲ್ಲಿ ಹಿಡಿದಿಡುವ ಕಪ್ಪು ಅಂಟು, ಗಡುಸಾಗಿ ಅಂಟು ಕಳೆದುಕೊಂಡಿದೆ, ಅದಕ್ಕೇ ಜಲ್ಲಿ ಏಳುತ್ತಿದೆ. ನಿಮಗೀಗ ಬೇಕಿರುವುದು ನೀರು ಒಳಗಿಳಿಯದಂತೆ ತಡೆಯುವ ತೆಳು ಹೊದಿಕೆ. ಮೈಕ್ರೋ ಸರ್ಫೇಸಿಂಗ್ ದಪ್ಪ 4ರಿಂದ 8 ಮಿ.ಮೀ. ಅಷ್ಟೇ. ಅದು ರಸ್ತೆಗೆ ಬಲ ಕೊಡುವುದಿಲ್ಲ, ಇರುವ ಬಲವನ್ನು ಕಾಯುತ್ತದೆ. 30 ಮಿ.ಮೀ. ಏರಿಸಿದರೆ ಮ್ಯಾನ್‌ಹೋಲ್ ಮುಚ್ಚಳ ತಗ್ಗಾಗುತ್ತದೆ, ಗೇಟಿನ ಹತ್ತಿರ ನೀರು ಒಳಮುಖ ಮಾಡುತ್ತದೆ. ಗಟ್ಟಿ ಇರುವ ರಸ್ತೆಗೆ ಸುಮ್ನೆ ಯಾಕೆ ಆ ಖರ್ಚು?

ಆದರೆ ಒಂದು ಮಳೆ ಬಂದ ಮರುದಿನ ಸುತ್ತು ಹಾಕಿ. ಬಿರುಕುಗಳು ಬಲೆಯಂತೆ ಹೆಣೆದುಕೊಂಡು ಮೊಸಳೆ ಬೆನ್ನಿನ ಹಾಗೆ ಕಾಣುತ್ತವೆಯೇ? ಲಾರಿ ಹೋದಾಗ ಬಿರುಕಿನಿಂದ ಕೆಸರು ನೀರು ಉಕ್ಕುತ್ತದೆಯೇ? ಹಾಗಿದ್ದರೆ ಅಲ್ಲಿ ಕೆಳಗಿನ ಪದರವೇ ಹೋಗಿದೆ. ಅಷ್ಟು ಜಾಗವನ್ನು ಚೌಕಾಕಾರಕ್ಕೆ ಕತ್ತರಿಸಿ ತೆಗೆದು ಬುಡದಿಂದ ತೇಪೆ ಹಾಕಿಸಲೇಬೇಕು. ಅದರ ಮೇಲೆ ನೇರವಾಗಿ ಲೇಪ ಹಾಕಿದರೆ ಬಿರುಕು ಮತ್ತೆ ಮೇಲೆ ಬರುತ್ತದೆ.

ಮರುಪ್ರಶ್ನೆ (ಅದೇ ಕಾರ್ಯದರ್ಶಿ): ನೋಡಿದೆ ಸರ್. ಕಸದ ಲಾರಿ ತಿರುಗುವ ಮೂಲೆಯಲ್ಲಿ ಮಾತ್ರ ಹಾಗಿದೆ. ಸ್ಲರಿ ಸೀಲ್ ಅಂತ ಇನ್ನೊಂದು ಅಗ್ಗದ್ದು ಇದೆಯಂತೆ, ಅದೂ ಇದೂ ಒಂದೇ ಅಲ್ವಾ?

ಉತ್ತರ: ಹತ್ತಿರದ ನೆಂಟರು. ಎರಡರಲ್ಲೂ ಎಮಲ್ಷನ್ (ನೀರಿನಲ್ಲಿ ಸಣ್ಣ ಹನಿಗಳಾಗಿ ಬೆರೆಸಿದ ಬಿಟುಮೆನ್), ಜಲ್ಲಿ ಪುಡಿ, ನೀರು, ಒಂದಿಷ್ಟು ಸಿಮೆಂಟ್ ಅಥವಾ ಸುಣ್ಣ ಇರುತ್ತದೆ. ಡಾಂಬರು ಕಾಯಿಸುವ ಕೆಲಸವಿಲ್ಲ. ಮೈಕ್ರೋದಲ್ಲಿ ಪಾಲಿಮರ್ ಸೇರಿಸಿದ ಎಮಲ್ಷನ್ ಬಳಸುತ್ತಾರೆ, ಬೇಗ ಗಟ್ಟಿಯಾಗುತ್ತದೆ. ಹವೆ ಚೆನ್ನಾಗಿದ್ದರೆ ಒಂದೆರಡು ಗಂಟೆಯಲ್ಲಿ ವಾಹನ ಬಿಡಬಹುದು. ಸ್ಲರಿ ನಿಧಾನ, ಭಾರಿ ಓಡಾಟ ತಡೆಯುವುದಿಲ್ಲ. ಎರಡಕ್ಕೂ ಐಆರ್‌ಸಿಯ (ಇಂಡಿಯನ್ ರೋಡ್ಸ್ ಕಾಂಗ್ರೆಸ್) ಎಸ್‌ಪಿ 81 ಮಾರ್ಗಸೂಚಿ ಇದೆ, ಕರಾರಿನಲ್ಲಿ ಅದರ ಹೆಸರು ಬರೆಸಿ.

ಒಂದು ತೊಡಕು: ಮೈಕ್ರೋಗೆ ಕಲೆಸುತ್ತಲೇ ಹಾಸಿಕೊಂಡು ಹೋಗುವ ದೊಡ್ಡ ಯಂತ್ರ ಬೇಕು. ನಾಲ್ಕೈದು ಅಡ್ಡರಸ್ತೆಗೋಸ್ಕರ ಅದನ್ನು ತರಿಸಿದರೆ ಬಾಡಿಗೆಯೇ ಭಾರ. ಪಕ್ಕದ ಬಡಾವಣೆಯವರನ್ನೂ ಸೇರಿಸಿಕೊಳ್ಳಿ. ಆಗದಿದ್ದರೆ ಕಾರು, ಬೈಕೇ ಜಾಸ್ತಿ ಓಡಾಡುವ ನಿಮ್ಮ ರಸ್ತೆಗೆ ಸ್ಲರಿಯೂ ನಡೆಯುತ್ತದೆ.

ಹಾಸುವ ದಿನ ನಿಂತು ನೋಡಿ. ಮೊದಲು ರಸ್ತೆ ಗುಡಿಸಿ, ಬಿರುಕಿನ ಧೂಳನ್ನು ಕಂಪ್ರೆಸರ್ ಗಾಳಿಯಿಂದ ಊದಿ, ಬಿರುಕು ತುಂಬಿರಬೇಕು. ಹಾಸಿದಾಗ ಮಿಶ್ರಣ ಕಂದು ಬಣ್ಣ ಇರುತ್ತದೆ. ಎಮಲ್ಷನ್ ಒಡೆದು ನೀರು ಬೇರೆಯಾದ ಹಾಗೆ ಕಪ್ಪಾಗುತ್ತದೆ. ಕಂದು ಇರುವಾಗ ಒಂದು ಬೈಕೂ ಬಿಡಬೇಡಿ. ಕಪ್ಪಾದ ಮೇಲೂ ಬೆರಳಿಗೆ ಮೆತ್ತಿದರೆ ಇನ್ನೂ ಕಾಯಿರಿ. ಮೊದಲ ಕೆಲವು ದಿನ ಪುಡಿ ಜಲ್ಲಿ ಉದುರುತ್ತದೆ, ಗಾಬರಿ ಬೇಡ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಬೇಡಿ ಅಂತ ಎಲ್ಲರಿಗೂ ಹೇಳಿ.

ಇನ್ನೊಬ್ಬರ ಪ್ರಶ್ನೆ (ಮಲೆನಾಡಿನ ಸಾಗರದಿಂದ): ನಮ್ಮಲ್ಲಿ ರಸ್ತೆ ಮೇಲೆಲ್ಲ ಮರದ ನೆರಳು. ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಮಾಡಿಸಬಹುದಾ?

ಉತ್ತರ: ಬೇಡ ಸ್ವಾಮಿ. ಹಸಿ ಇರುವಾಗ ಮಳೆ ಬಿದ್ದರೆ ಎಮಲ್ಷನ್ ಚರಂಡಿ ಪಾಲು. ನೆರಳಲ್ಲಿ ಒಣಗುವುದೂ ತಡ. ಮಲೆನಾಡಿನಲ್ಲಿ ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ. ಅದಕ್ಕೂ ಮುಂಚೆ ಪಾಚಿ ಉಜ್ಜಿಸಿ, ಪಕ್ಕದ ಚರಂಡಿ ಬಿಡಿಸಿ. ರಸ್ತೆ ಅಂಚಿನಲ್ಲಿ ನೀರು ನಿಲ್ಲುತ್ತಿದ್ದರೆ ಯಾವ ಲೇಪವೂ ಬಾಳುವುದಿಲ್ಲ.

ಪ್ರಶ್ನೆ (ಕಾರ್ಯದರ್ಶಿ): ಕೊನೆಯದು ಸರ್. ಗ್ಯಾರೇಜ್ ಮುಂದೆ ಆಯಿಲ್ ಸೋರಿ ರಸ್ತೆ ಮೆತ್ತಗಾಗಿದೆ. ಅಲ್ಲೂ ಹಾಕಿಸಬಹುದಾ?

ಉತ್ತರ: ಡೀಸೆಲ್, ಆಯಿಲ್ ಬಿಟುಮೆನ್ನನ್ನೇ ಕರಗಿಸುತ್ತವೆ, ಅದರ ಮೇಲೆ ಏನೂ ಕೂರುವುದಿಲ್ಲ. ಅಷ್ಟನ್ನು ಕತ್ತರಿಸಿ ತೇಪೆ ಹಾಕಿಸಿ, ಗ್ಯಾರೇಜಿನವರಿಗೆ ತಮ್ಮ ಮುಂದಿನ ಜಾಗಕ್ಕೆ ಕಾಂಕ್ರೀಟ್ ಹಾಕಿಸಿಕೊಳ್ಳಲು ಹೇಳಿ.